ಅಮೆರಿಕದ ರೆಸಿಡೆನ್ಸಿ: ಅರ್ಜಿ ನೂರು ಕಡೆಗೋ, ಇನ್ನೂರು ಕಡೆಗೋ?

2025ರ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್‌–1ಬಿ ವೀಸಾ ಕೋರಿಕೆಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರು. ನಮ್ಮಲ್ಲಿ ಚರ್ಚೆಯೆಲ್ಲ ಐಟಿ ಉದ್ಯೋಗಿಗಳ ಸುತ್ತಲೇ ನಡೆಯಿತು. ಆದರೆ ಆ ಸುದ್ದಿ ಇನ್ನೂ ಗಾಢವಾಗಿ ತಟ್ಟಿದ ಗುಂಪೊಂದು ಇತ್ತು. ಎಂಬಿಬಿಎಸ್ ಮುಗಿಸಿ, ಅಮೆರಿಕದ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ತರಬೇತಿ, ಅಂದರೆ ರೆಸಿಡೆನ್ಸಿ ಪಡೆಯಲು ಹೊರಟ ಯುವ ವೈದ್ಯರದು ಆ ಗುಂಪು. ಅವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಅರ್ಜಿ ಹಾಕಿ, ಹಣ ಕಟ್ಟಿಯಾಗಿತ್ತು. ಐದೇ ದಿನಗಳಲ್ಲಿ, ಸೆಪ್ಟೆಂಬರ್ 24ರಂದು, ಆಸ್ಪತ್ರೆಗಳು ಆ ಅರ್ಜಿಗಳನ್ನು ತೆರೆದು ನೋಡಲು ಆರಂಭಿಸುವುದಿತ್ತು.

ಎಚ್‌–1ಬಿ ಕೊಡುತ್ತಾರೆಂದು ನಂಬಿ ಆಯ್ದುಕೊಂಡ ಆಸ್ಪತ್ರೆಗಳು ಈಗ ಹಿಂದೆ ಸರಿದರೆ? ಇನ್ನೂ ಐವತ್ತು ಕಡೆ ಅರ್ಜಿ ಹಾಕಬೇಕೆ? ಬೆಂಗಳೂರು, ಮಣಿಪಾಲ, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಆ ವಾರ ಈ ಪ್ರಶ್ನೆ ಎದ್ದಿರುತ್ತದೆ. ಉತ್ತರ ಹುಡುಕುವ ಮೊದಲು ಆ ವ್ಯವಸ್ಥೆ ನಡೆಯುವ ರೀತಿಯನ್ನು ತಿಳಿಯಬೇಕು. ‘ಎಷ್ಟು ಕಡೆ ಅರ್ಜಿ’ ಎನ್ನುವುದು ಒಂದು ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡು ಪ್ರಶ್ನೆಗಳಿವೆ: ಅರ್ಜಿ ಎಷ್ಟು, ಸಂದರ್ಶನ ಎಷ್ಟು. ಅವನ್ನು ಬೇರ್ಪಡಿಸದೆ ಹೋದರೆ ದುಡ್ಡೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ನಮ್ಮ ಆಪ್ಷನ್ ಎಂಟ್ರಿಗೂ ‘ಮ್ಯಾಚ್’ಗೂ ಇರುವ ವ್ಯತ್ಯಾಸ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ ನಮಗೆಲ್ಲ ಗೊತ್ತು. ಅಲ್ಲಿ ಆಯ್ಕೆ ಮಾಡುವುದು ವಿದ್ಯಾರ್ಥಿ ಮಾತ್ರ. ಕಾಲೇಜಿಗೆ ‘ಈ ಹುಡುಗಿ ಬೇಕು, ಆ ಹುಡುಗ ಬೇಡ’ ಎನ್ನುವ ಅಧಿಕಾರವಿಲ್ಲ. ನೀಟ್ ರ್‍ಯಾಂಕ್ ಎಲ್ಲವನ್ನೂ ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಇನ್ನೂರು ಆಯ್ಕೆ ತುಂಬಿಸಿದರೂ ಆಯ್ಕೆಗೊಂದರಂತೆ ಹಣ ಕೊಡಬೇಕಿಲ್ಲ. ಹಾಗಾಗಿ ‘ಎಷ್ಟು ತುಂಬಿಸಲಿ’ ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಬುದ್ಧಿವಾದ ಒಂದೇ: ಎಲ್ಲವನ್ನೂ ತುಂಬಿಸಿ.

ಈ ಬುದ್ಧಿವಾದವನ್ನೇ ಅಮೆರಿಕಕ್ಕೂ ಕೊಂಡೊಯ್ಯುವುದರಿಂದ ತೊಂದರೆ ಶುರುವಾಗುತ್ತದೆ. ಅಲ್ಲಿ ಆಯ್ಕೆ ಎರಡೂ ಕಡೆಯವರದು. ಅಭ್ಯರ್ಥಿ ಮೊದಲು ‘ಇರಾಸ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಆಸ್ಪತ್ರೆಗಳ ತರಬೇತಿ ವಿಭಾಗಗಳಿಗೆ ಅರ್ಜಿ ಕಳಿಸುತ್ತಾನೆ. ಇವಕ್ಕೆ ‘ಪ್ರೋಗ್ರಾಂ’ ಎಂದು ಹೆಸರು. ಪ್ರೋಗ್ರಾಂಗಳು ಕೆಲವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತವೆ. ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿ ತಾನು ಕಂಡ ಪ್ರೋಗ್ರಾಂಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುತ್ತಾನೆ. ಪ್ರೋಗ್ರಾಂ ಕೂಡ ತಾನು ಕಂಡ ಅಭ್ಯರ್ಥಿಗಳನ್ನು ಪಟ್ಟಿ ಮಾಡುತ್ತದೆ. ಮಾರ್ಚ್‌ನಲ್ಲಿ ಎನ್‌ಆರ್‌ಎಂಪಿ ಎಂಬ ಸಂಸ್ಥೆಯ ಕಂಪ್ಯೂಟರ್ ಎರಡೂ ಪಟ್ಟಿಗಳನ್ನು ಹೊಂದಿಸಿ, ಒಬ್ಬರಿಗೆ ಒಂದೇ ಸೀಟು ಕೊಡುತ್ತದೆ. ಇದೇ ಮ್ಯಾಚ್. ಬಂದ ಫಲಿತಾಂಶಕ್ಕೆ ಎರಡೂ ಕಡೆಯವರು ಬದ್ಧರು.

ಈ ವ್ಯವಸ್ಥೆ 1952ರಲ್ಲಿ ಹುಟ್ಟಿದ್ದು ಕೂಡ ಪೈಪೋಟಿಯ ಒಂದು ಗೋಜಲಿನಿಂದಲೇ. ಒಳ್ಳೆಯ ವಿದ್ಯಾರ್ಥಿಗಳನ್ನು ಬೇರೆಯವರಿಗಿಂತ ಮುಂಚೆ ಹಿಡಿಯುವ ಆತುರದಲ್ಲಿ ಆಸ್ಪತ್ರೆಗಳು, ಓದು ಮುಗಿಯಲು ಎರಡು ವರ್ಷ ಇರುವಾಗಲೇ ಸೀಟು ಕಾಯ್ದಿರಿಸತೊಡಗಿದ್ದವು. ಆ ನೂಕುನುಗ್ಗಲಿಗೆ ಮ್ಯಾಚ್ ಕಡಿವಾಣ ಹಾಕಿತು. ಇಂಥ ಹೊಂದಾಣಿಕೆಯ ಸಿದ್ಧಾಂತಕ್ಕೂ ಅದನ್ನು ಕಾರ್ಯರೂಪಕ್ಕೆ ತಂದ ಕೆಲಸಕ್ಕೂ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಮ್ಯಾಚ್ ಸರಿಪಡಿಸಿದ್ದು ಕೊನೆಯ ಹಂತವನ್ನು ಮಾತ್ರ. ಅರ್ಜಿಯಿಂದ ಸಂದರ್ಶನದವರೆಗಿನ ಹಾದಿಗೆ ಅಂಥ ಯಾವ ಸೂತ್ರವೂ ಇರಲಿಲ್ಲ. ನೂಕುನುಗ್ಗಲು ಈಗ ಅಲ್ಲಿಗೆ ಸ್ಥಳಾಂತರಗೊಂಡಿದೆ.

ಬೋರ್‌ವೆಲ್ ಆಳ ಹೆಚ್ಚಿದಂತೆ

ಕೋಲಾರದ ಕಡೆ ಒಬ್ಬ ರೈತ ಆರುನೂರು ಅಡಿ ಕೊರೆಸಿದರೆ ಪಕ್ಕದವನು ಎಂಟುನೂರು ಕೊರೆಸಲೇಬೇಕಾಗುತ್ತದೆ. ಆಗ ಮೊದಲನೆಯವನ ಬಾವಿ ಬತ್ತಿ, ಅವನು ಸಾವಿರಕ್ಕೆ ಇಳಿಯುತ್ತಾನೆ. ಯಾರೂ ತಪ್ಪು ಲೆಕ್ಕ ಹಾಕಿರುವುದಿಲ್ಲ. ಆದರೂ ನೆಲದಡಿಯ ನೀರು ಒಂದು ಕೊಡವೂ ಹೆಚ್ಚುವುದಿಲ್ಲ, ಖರ್ಚು ಮಾತ್ರ ಎಲ್ಲರಿಗೂ ಏರುತ್ತದೆ.

ರೆಸಿಡೆನ್ಸಿ ಅರ್ಜಿಗಳದ್ದೂ ಇದೇ ಕಥೆ. ಎಲ್ಲರೂ ನಲವತ್ತು ಕಡೆ ಅರ್ಜಿ ಹಾಕುವಾಗ ಎಂಬತ್ತು ಹಾಕಿದವನಿಗೆ ತುಸು ಲಾಭ. ಎಲ್ಲರೂ ಎಂಬತ್ತಕ್ಕೆ ಏರಿದಾಗ ಆ ಲಾಭ ಕರಗುತ್ತದೆ. ಆಗ ನೂರೈವತ್ತರ ಮಾತು ಬರುತ್ತದೆ. 2022ರ ಜನವರಿಯಲ್ಲಿ, ಅಮೆರಿಕದಲ್ಲಿ ವೈದ್ಯರಾಗಲು ಪಾಸಾಗಬೇಕಾದ ಮೂರು ಹಂತಗಳ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್ 1 ಪರೀಕ್ಷೆಗೆ ಅಂಕ ಕೊಡುವುದನ್ನು ಕೈಬಿಟ್ಟು, ಪಾಸು–ಫೇಲು ಮಾತ್ರ ಉಳಿಸಿದರು. ತನ್ನ ಸ್ಥಾನ ಎಲ್ಲಿದೆ ಎಂದು ತಿಳಿಯುವ ಒಂದು ಅಳತೆಗೋಲು ಹೋದಾಗ ಅಭ್ಯರ್ಥಿಯ ಅಂಜಿಕೆ ಹೆಚ್ಚುವುದು ಸಹಜ.

ಇತ್ತ ಸೀಟುಗಳ ಲೆಕ್ಕ ಹೀಗಿದೆ: 2025ರ ಮ್ಯಾಚ್‌ನಲ್ಲಿ ಇದ್ದ ಸೀಟುಗಳು 43,237. ನೋಂದಾಯಿಸಿದವರು 52,498. ಅಮೆರಿಕದಲ್ಲೇ ಎಂ.ಡಿ. (ಅಲ್ಲಿ ಇದು ನಮ್ಮ ಎಂಬಿಬಿಎಸ್‌ಗೆ ಸಮಾನವಾದ ಪದವಿ) ಓದಿ ಅಂತಿಮ ವರ್ಷದಲ್ಲಿದ್ದವರಲ್ಲಿ 93.5% ಮಂದಿಗೆ ಸೀಟು ಸಿಕ್ಕಿತು. ಅಮೆರಿಕದ ಪೌರರಲ್ಲದ, ಹೊರದೇಶದಲ್ಲಿ ಓದಿದ ವೈದ್ಯರಲ್ಲಿ ಸಿಕ್ಕಿದ್ದು 58% ಮಂದಿಗೆ. ನಮ್ಮವರು ಬರುವುದು ಈ ಎರಡನೆಯ ಗುಂಪಿನಲ್ಲಿ.

ಆ 58% ಕೂಡ ನೋಡಲು ಇರುವುದಕ್ಕಿಂತ ಚೆನ್ನಾಗಿದೆ. ರ್‍ಯಾಂಕ್ ಪಟ್ಟಿ ಸಲ್ಲಿಸಿದವರನ್ನು ಮಾತ್ರ ಎಣಿಸಿ ತೆಗೆದ ಸಂಖ್ಯೆ ಅದು. ಒಂದೂ ಸಂದರ್ಶನ ಸಿಗದವರಿಗೆ ಸಲ್ಲಿಸಲು ಪಟ್ಟಿಯೇ ಇರುವುದಿಲ್ಲ, ಅವರು ಲೆಕ್ಕಕ್ಕೇ ಬರುವುದಿಲ್ಲ. ಆ ವರ್ಷ ನೋಂದಾಯಿಸಿ, ಕೊನೆಗೆ ಪಟ್ಟಿ ಸಲ್ಲಿಸದೆ ಹೊರಗುಳಿದವರು ಎಲ್ಲ ಗುಂಪುಗಳಿಂದ ಸೇರಿ ಐದು ಸಾವಿರಕ್ಕೂ ಹೆಚ್ಚು. ಹೊರದೇಶದ ವೈದ್ಯರಿಗೆ ನಿಜವಾದ ಕಡಿದಾದ ಏರು ಇರುವುದು ಅರ್ಜಿ ಮತ್ತು ಸಂದರ್ಶನದ ನಡುವೆ.

ಅರ್ಜಿ ತಲುಪಿದ ಕಡೆ ಏನಾಗುತ್ತದೆ

ಹತ್ತು ಸೀಟುಗಳಿರುವ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯನ್ನು ಊಹಿಸಿಕೊಳ್ಳಿ. ಸಂದರ್ಶನ ಮಾಡಲು ಅವರಿಗೆ ಸಾಧ್ಯವಿರುವುದು ನೂರು, ನೂರಿಪ್ಪತ್ತು ಮಂದಿಯನ್ನು. ಬಂದಿರುವ ಅರ್ಜಿ ಎರಡು ಸಾವಿರ. ಒಂದೊಂದನ್ನು ಹದಿನೈದು ನಿಮಿಷ ಓದಿದರೂ ಐನೂರು ಗಂಟೆ ಬೇಕು. ಓದುವವರು ರೋಗಿಗಳನ್ನೂ ನೋಡಿಕೊಳ್ಳುವ ವೈದ್ಯರು. ಅಷ್ಟು ಗಂಟೆ ಅವರ ಬಳಿ ಇಲ್ಲ.

ಆದ್ದರಿಂದ ಮನುಷ್ಯರು ಓದುವ ಮೊದಲು ಕಂಪ್ಯೂಟರ್ ಜರಡಿ ಹಿಡಿಯುತ್ತದೆ. ಪರದೆಯ ಮೇಲೆ ಕೆಲವು ಚೌಕಗಳಿಗೆ ಗುರುತು ಹಾಕಿದರೆ ಸಾಕು: ಸ್ಟೆಪ್ 2 ಅಂಕ ಇಷ್ಟಕ್ಕಿಂತ ಹೆಚ್ಚು, ಪದವಿ ಮುಗಿದು ಇಷ್ಟು ವರ್ಷದೊಳಗೆ, ವೀಸಾ ಬೇಕೆ ಬೇಡವೆ, ಮೊದಲ ಪ್ರಯತ್ನದಲ್ಲೇ ಪಾಸೆ. ಎರಡು ಸಾವಿರ ನಾಲ್ಕುನೂರಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ತಿದ್ದಿ ಬರೆದ ಆತ್ಮನಿವೇದನೆ, ಬೇಡಿ ತಂದ ಶಿಫಾರಸು ಪತ್ರ ಉಳಿದ ಸಾವಿರದ ಆರುನೂರು ಅರ್ಜಿಗಳಲ್ಲೂ ಇರುತ್ತವೆ. ಅವನ್ನು ಯಾರೂ ತೆರೆದಿರುವುದಿಲ್ಲ.

ಅರ್ಜಿ ಹೆಚ್ಚಿದಷ್ಟೂ ಜರಡಿಯ ಕಣ್ಣು ಕಿರಿದಾಗುತ್ತದೆ. ಜರಡಿ ಕಿರಿದಾದಷ್ಟೂ ಮೊದಲು ಉದುರುವವರು ಹೊರದೇಶದ ವೈದ್ಯರು. ಅದನ್ನು ಕಂಡು ಅವರು ಇನ್ನಷ್ಟು ಕಡೆ ಅರ್ಜಿ ಹಾಕುತ್ತಾರೆ. ಈ ಸುಳಿಯಿಂದ ಹೊರಬರಲು ಮಾಡಿದ ಪ್ರಯತ್ನವೇ ಸಿಗ್ನಲ್.

ಸಿಗ್ನಲ್ ಬಂದ ಮೇಲೆ ಬದಲಾದ ಲೆಕ್ಕ

ಅರ್ಥಶಾಸ್ತ್ರದ ಪಿಎಚ್.ಡಿ. ಮುಗಿಸಿ ಕೆಲಸ ಹುಡುಕುವವರಿಗೆ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ 2006ರಿಂದಲೇ ತಲಾ ಎರಡು ಸಿಗ್ನಲ್ ಕೊಡುತ್ತಿತ್ತು. ‘ನಿಮ್ಮಲ್ಲಿ ನನಗೆ ನಿಜವಾಗಿ ಆಸಕ್ತಿ ಇದೆ’ ಎಂದು ಎರಡೇ ಕಡೆ ಹೇಳಲು ಅವಕಾಶ. ಹೇಳಬಹುದಾದ ಸಲ ಕಡಿಮೆ ಇರುವುದರಿಂದಲೇ ಆ ಮಾತಿಗೆ ಬೆಲೆ. ಇದೇ ಉಪಾಯವನ್ನು 2020–21ರ ಸಾಲಿನಲ್ಲಿ ಕಿವಿ–ಮೂಗು–ಗಂಟಲು ವಿಭಾಗ ರೆಸಿಡೆನ್ಸಿಗೆ ತಂದಿತು. ಉಳಿದ ವಿಭಾಗಗಳು ಹಿಂಬಾಲಿಸಿದವು.

ಎಲ್ಲ ವಿಭಾಗಗಳೂ ಒಂದೇ ಸಂಖ್ಯೆಯ ಸಿಗ್ನಲ್ ಕೊಡುವುದಿಲ್ಲ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ಅಭ್ಯರ್ಥಿಗೆ 30. ಅಷ್ಟು ಸಿಗ್ನಲ್ ಕೈಯಲ್ಲಿದ್ದೂ ಒಂದು ಪ್ರೋಗ್ರಾಂಗೆ ಕಳಿಸಿಲ್ಲವೆಂದರೆ ಆಸಕ್ತಿ ಇಲ್ಲವೆಂದೇ ಅವರು ತಿಳಿಯುತ್ತಾರೆ. ಹಾಗಾಗಿ ಅಲ್ಲಿ ಮೂವತ್ತು ಎನ್ನುವುದೇ ಅರ್ಜಿಗಳ ಅಘೋಷಿತ ಮಿತಿ. ಭಾರತದಿಂದ ಹೋಗುವವರಲ್ಲಿ ಹೆಚ್ಚಿನವರು ಆರಿಸಿಕೊಳ್ಳುವ, ನಮ್ಮಲ್ಲಿ ಜನರಲ್ ಮೆಡಿಸಿನ್ ಎನ್ನುವ ಇಂಟರ್ನಲ್ ಮೆಡಿಸಿನ್‌ನಲ್ಲಿ 2024–25ರಿಂದ 3 ಚಿನ್ನದ (ಅತಿ ಹೆಚ್ಚು ಇಷ್ಟದ ಕಡೆಗೆ) ಮತ್ತು 12 ಬೆಳ್ಳಿಯ (ಅದರ ನಂತರದವಕ್ಕೆ) ಸಿಗ್ನಲ್‌ಗಳಿವೆ. ಈ ವಿಭಾಗದ ಪ್ರೋಗ್ರಾಂಗಳು 600ಕ್ಕೂ ಹೆಚ್ಚು. ಕೈಯಲ್ಲಿರುವ ಸಿಗ್ನಲ್ 15. ಉಳಿದ ಕಡೆ ಹಾಕುವ ಅರ್ಜಿಗಳು ಸಿಗ್ನಲ್ ಇಲ್ಲದೆಯೇ ಹೋಗುತ್ತವೆ. ಅವು ಸಂಪೂರ್ಣ ವ್ಯರ್ಥವಲ್ಲ, ಹೊರದೇಶದವರಿಗೆ ಕೆಲವು ಸಂದರ್ಶನಗಳು ಅಲ್ಲಿಂದಲೂ ಬರುತ್ತವೆ. ಆದರೆ ಸಿಗ್ನಲ್ ಕೂಡ ಈಗ ಜರಡಿಯ ಒಂದು ಚೌಕ. ಆ ಚೌಕಕ್ಕೆ ಗುರುತು ಹಾಕಿದ ಪ್ರೋಗ್ರಾಂಗೆ ಸಿಗ್ನಲ್ ಇಲ್ಲದ ಅರ್ಜಿ ಕಾಣಿಸುವುದೇ ಇಲ್ಲ.

ಶುಲ್ಕವನ್ನೂ ಇದೇ ಉದ್ದೇಶಕ್ಕೆ ಹೊಂದಿಸಿದ್ದಾರೆ. 2024–25ರ ಸಾಲಿನಿಂದ ಒಂದು ವಿಭಾಗದಲ್ಲಿ ಮೊದಲ 30 ಅರ್ಜಿಗಳಿಗೆ ತಲಾ 11 ಡಾಲರ್. ಮೂವತ್ತೊಂದನೆಯದರಿಂದ ತಲಾ 30 ಡಾಲರ್. ಮೂವತ್ತು ಅರ್ಜಿಗೆ 330 ಡಾಲರ್ ಆದರೆ ಅರವತ್ತಕ್ಕೆ 1,230, ಇನ್ನೂರಕ್ಕೆ 5,430. ಡಾಲರ್‌ಗೆ ₹88ರಂತೆ ಹಿಡಿದರೆ ಅರವತ್ತು ಅರ್ಜಿಗೆ ಸುಮಾರು ₹1.08 ಲಕ್ಷ, ಇನ್ನೂರಕ್ಕೆ ಸುಮಾರು ₹4.78 ಲಕ್ಷ. ಪರೀಕ್ಷೆಗಳ ಶುಲ್ಕ, ಅಮೆರಿಕದ ಆಸ್ಪತ್ರೆಯಲ್ಲಿ ಅನುಭವಕ್ಕಾಗಿ ಹೋಗಿ ಬಂದ ಖರ್ಚು ಇದರಲ್ಲಿ ಸೇರಿಲ್ಲ.

ಸಂದರ್ಶನ ಎಷ್ಟಾದರೆ ಸಾಕು?

ಇದು ಎರಡನೆಯ ಪ್ರಶ್ನೆ, ಹೆಚ್ಚು ಮುಖ್ಯವಾದದ್ದೂ ಇದೇ. ರ್‍ಯಾಂಕ್ ಪಟ್ಟಿಗೆ ಸೇರುವುದು ಸಂದರ್ಶನವಾದ ಪ್ರೋಗ್ರಾಂಗಳು ಮಾತ್ರ. ಆದ್ದರಿಂದ ಸೀಟು ಸಿಗುವ ಸಾಧ್ಯತೆಯನ್ನು ನೇರವಾಗಿ ಏರಿಸುವುದು ಸಂದರ್ಶನಗಳ ಸಂಖ್ಯೆ. ಅರ್ಜಿಗಳ ಸಂಖ್ಯೆ ಅದಕ್ಕೆ ದಾರಿಯಷ್ಟೆ.

ಒಂದು ಸರಳ ಗಣಿತ ನೋಡೋಣ. ಪ್ರತಿ ಸಂದರ್ಶನದಿಂದ ಸೀಟು ಸಿಗುವ ಸಾಧ್ಯತೆ ಐದಕ್ಕೆ ಒಂದು ಎಂದುಕೊಳ್ಳೋಣ. ಐದು ಸಂದರ್ಶನ ಕೊಟ್ಟವರಿಗೆ ಎಲ್ಲಾದರೂ ಒಂದು ಕಡೆ ಸೀಟು ಸಿಗುವ ಸಾಧ್ಯತೆ ಸುಮಾರು 67%. ಹತ್ತು ಕೊಟ್ಟರೆ 89%. ಹದಿನೈದಕ್ಕೆ 96%, ಇಪ್ಪತ್ತಕ್ಕೆ ಸುಮಾರು 99%. ಐದರಿಂದ ಹತ್ತಕ್ಕೆ ಏರುವಾಗ 22 ಅಂಶಗಳ ಲಾಭ. ಹದಿನೈದರಿಂದ ಇಪ್ಪತ್ತಕ್ಕೆ ಏರುವಾಗ ಎರಡು–ಮೂರು ಅಂಶ. ಇದು ಕಲ್ಪಿತ ಲೆಕ್ಕವಾದರೂ ಎನ್‌ಆರ್‌ಎಂಪಿ ಪ್ರಕಟಿಸುವ ರೇಖಾಚಿತ್ರಗಳ ಆಕಾರವೂ ಹೀಗೆಯೇ ಇದೆ: ಮೊದಲಿಗೆ ಕಡಿದಾದ ಏರು, ಆಮೇಲೆ ಬಹುತೇಕ ಸಮತಟ್ಟು.

ಈ ಗಣಿತದಲ್ಲಿ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು. ಸಂದರ್ಶನಗಳು ನಾಣ್ಯ ಚಿಮ್ಮಿದಂತೆ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಲ್ಲ. ಮಾತನಾಡುವಾಗ ತಡವರಿಸುವವನು, ಪದವಿಯ ನಂತರದ ಮೂರು ವರ್ಷ ಏನು ಮಾಡಿದೆ ಎಂದು ವಿವರಿಸಲಾಗದವನು ಎಲ್ಲ ಕಡೆಯೂ ಅದೇ ಕಾರಣಕ್ಕೆ ಕೆಳಗಿಳಿಯುತ್ತಾನೆ. ಅಂಥವನಿಗೆ ಇಪ್ಪತ್ತನೆಯ ಸಂದರ್ಶನಕ್ಕಿಂತ, ಐದನೆಯದಕ್ಕೆ ಮೊದಲು ಮಾಡಿಕೊಂಡ ಒಂದು ವಾರದ ತಯಾರಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

2020ರವರೆಗೆ ಸಂದರ್ಶನಗಳಿಗೆ ತಾನಾಗಿಯೇ ಒಂದು ಮಿತಿ ಇತ್ತು. ಪ್ರತಿಯೊಂದಕ್ಕೂ ವಿಮಾನ ಹತ್ತಬೇಕಿತ್ತು, ಹೋಟೆಲಿನಲ್ಲಿ ಉಳಿಯಬೇಕಿತ್ತು. ಕೋವಿಡ್ ಬಂದು ಸಂದರ್ಶನಗಳು ಆನ್‌ಲೈನ್ ಆದವು. ನಮ್ಮವರಿಗೆ ಇದು ದೊಡ್ಡ ಅನುಕೂಲ. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತು ಎಂದರೆ ನಮ್ಮ ಸಂಜೆ ಏಳೂವರೆ. ಶಿವಮೊಗ್ಗದ ಮನೆಯ ಕೋಣೆಯಲ್ಲಿ ಕೋಟು ತೊಟ್ಟು, ಕರೆಂಟು ಹೋದರೆ ಇರಲೆಂದು ಯುಪಿಎಸ್ ಜೋಡಿಸಿ, ರಾತ್ರಿ ಒಂದರವರೆಗೆ ಮಾತನಾಡಬಹುದು. ಆದರೆ ಖರ್ಚಿನ ತಡೆ ಹೋದಾಗ ಬಲಶಾಲಿ ಅಭ್ಯರ್ಥಿಗಳು ಬಂದ ಕರೆಗಳನ್ನೆಲ್ಲ ಒಪ್ಪಿಕೊಳ್ಳುವುದೂ ಸುಲಭವಾಯಿತು. ಒಬ್ಬರು ಇಪ್ಪತ್ತೈದು ಸಂದರ್ಶನಗಳನ್ನು ಕೈಯಲ್ಲಿ ಹಿಡಿದು ಕೂತರೆ, ಅವುಗಳಲ್ಲಿ ಹತ್ತು ಇನ್ನೊಬ್ಬರ ಮೊದಲ ಸಂದರ್ಶನ ಆಗಬಹುದಾಗಿದ್ದವು.

ಮಿತಿ ಹೇರಬೇಕೆ? ಎರಡು ವಾದಗಳು

ತರಬೇತಿ ವಿಭಾಗಗಳ ಮುಖ್ಯಸ್ಥರಲ್ಲಿ ಅನೇಕರು ಅರ್ಜಿಗಳಿಗೂ ಸಂದರ್ಶನಗಳಿಗೂ ಮಿತಿ ಬೇಕು ಎನ್ನುತ್ತಾರೆ. ಅರ್ಜಿ ಕಡಿಮೆಯಾದರೆ ಪ್ರತಿಯೊಂದನ್ನೂ ಓದಬಹುದು, ಬರೀ ಅಂಕ ನೋಡಿ ತಳ್ಳಿಹಾಕುವುದು ತಪ್ಪುತ್ತದೆ ಎಂಬುದು ಅವರ ವಾದ.

ಹೊರದೇಶದ ವೈದ್ಯರ ಪರ ಮಾತನಾಡುವವರ ಪ್ರತಿವಾದಕ್ಕೂ ತೂಕವಿದೆ. ಅಮೆರಿಕದ ವಿದ್ಯಾರ್ಥಿಗೆ ತನ್ನ ಕಾಲೇಜಿನ ಸಲಹೆಗಾರರು, ಪರಿಚಯದ ಪ್ರಾಧ್ಯಾಪಕರು ಇದ್ದಾರೆ. ಯಾವ ಬಾಗಿಲು ತೆರೆದೀತು ಎಂಬ ಅಂದಾಜು ಇರುತ್ತದೆ. ಬಳ್ಳಾರಿಯಲ್ಲಿ ಓದಿದವಳಿಗೆ ಆ ಮಾಹಿತಿ ಇಲ್ಲ. ಮಾಹಿತಿಯ ಕೊರತೆಯನ್ನು ಆಕೆ ಸಂಖ್ಯೆಯಿಂದ ತುಂಬಿಕೊಳ್ಳುತ್ತಾಳೆ. ಮಿತಿ ಹೇರಿದರೆ ಆ ಒಂದು ದಾರಿಯೂ ಮುಚ್ಚುತ್ತದೆ. ಶುಲ್ಕದ ಏರಿಕೆಯನ್ನು ಇವರು ಇನ್ನೂ ತೀಕ್ಷ್ಣವಾಗಿ ವಿರೋಧಿಸುತ್ತಾರೆ. ಶುಲ್ಕ ತಡೆಯುವುದು ಹಣವಿಲ್ಲದವರನ್ನು ಮಾತ್ರ.

ಶುಲ್ಕದ ವಿಚಾರದಲ್ಲಿ ನಾನು ಈ ಎರಡನೆಯ ಪಕ್ಷದ ಕಡೆಗೇ ಇದ್ದೇನೆ. ಹಣ ಉಳ್ಳವನಿಗೆ ₹4.78 ಲಕ್ಷ ತಡೆಯಲ್ಲ, ಸಾಲ ಮಾಡಿ ಬಂದವನಿಗೆ ₹1.08 ಲಕ್ಷವೂ ಗೋಡೆ. ಸಿಗ್ನಲ್ ಹಾಗಲ್ಲ. ಹದಿನೈದು ಎಂದರೆ ಎಲ್ಲರಿಗೂ ಹದಿನೈದೇ. ಪ್ರೋಗ್ರಾಂಗಳು ತಾವು ಯಾವ ವೀಸಾ ಕೊಡುತ್ತೇವೆ, ಯಾವ ಅಂಕಕ್ಕಿಂತ ಕೆಳಗೆ ನೋಡುವುದಿಲ್ಲ ಎಂಬುದನ್ನು ಅರ್ಜಿಗೆ ಮೊದಲೇ ಸ್ಪಷ್ಟವಾಗಿ ಪ್ರಕಟಿಸಿದರೆ, ಅಭ್ಯರ್ಥಿಗಳು ತಾವಾಗಿಯೇ ಸಂಖ್ಯೆ ಇಳಿಸುತ್ತಾರೆ. ಕತ್ತಲಲ್ಲಿ ಕಲ್ಲು ಎಸೆಯುವವರಿಗೆ ಕಲ್ಲಿನ ಬೆಲೆ ಏರಿಸುವುದಕ್ಕಿಂತ ದೀಪ ಹಚ್ಚುವುದು ನ್ಯಾಯ.

ವೀಸಾ ಎಂಬ ಅತಿ ದೊಡ್ಡ ಜರಡಿ

ಈಗ ಒಂದು ಲಕ್ಷ ಡಾಲರ್‌ನ ವಿಷಯಕ್ಕೆ ಮರಳೋಣ. ಹೊರದೇಶದ ವೈದ್ಯರು ರೆಸಿಡೆನ್ಸಿಗೆ ಹೋಗುವುದು ಮುಖ್ಯವಾಗಿ ತರಬೇತಿಗೆ ಬರುವವರ ಜೆ–1 ಅಥವಾ ಉದ್ಯೋಗಕ್ಕೆ ಬರುವವರ ಎಚ್‌–1ಬಿ ವೀಸಾದ ಮೇಲೆ. ಜೆ–1ಕ್ಕೆ ಪ್ರಾಯೋಜಕತ್ವ ಹೊರದೇಶದ ವೈದ್ಯರ ಅರ್ಹತೆ ದೃಢಪಡಿಸುವ ಸಂಸ್ಥೆಯಾದ ಇಸಿಎಫ್‌ಎಂಜಿಯದು. ಭಾರತದ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ಬೇಕು, ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಈ ಷರತ್ತಿನಿಂದ ವಿನಾಯಿತಿ ಪಡೆಯಲು ಹೆಚ್ಚಿನವರು ಹಿಡಿಯುವ ದಾರಿ ಕಾನ್ರಾಡ್ 30: ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ಕೆಲಸ. ಒಂದು ರಾಜ್ಯಕ್ಕೆ ವರ್ಷಕ್ಕೆ ಇಂಥ 30 ವಿನಾಯಿತಿಗಳು. ಎಚ್‌–1ಬಿಗೆ ಈ ಷರತ್ತಿಲ್ಲ, ಆದರೆ ಸ್ಟೆಪ್ 3 ಪರೀಕ್ಷೆ ಮೊದಲೇ ಪಾಸಾಗಿರಬೇಕು. ಅದಕ್ಕಾಗಿಯೇ ಒಂದು ವರ್ಷ ಹೆಚ್ಚು ಓದಿ ಕಾದವರಿದ್ದಾರೆ.

ಮೊದಲ ವರ್ಷದ ರೆಸಿಡೆಂಟ್‌ನ ವಾರ್ಷಿಕ ಸಂಬಳ 60ರಿಂದ 70 ಸಾವಿರ ಡಾಲರ್ ಆಸುಪಾಸು. ಅದಕ್ಕಿಂತ ಹೆಚ್ಚಿನ ಮೊತ್ತವನ್ನು ವೀಸಾ ಶುಲ್ಕವೆಂದು ಕಟ್ಟಲು ಆಸ್ಪತ್ರೆ ಮುಂದಾಗುವುದು ಕಷ್ಟ. 2025ರ ಅಕ್ಟೋಬರ್ 20ರಂದು ವಲಸೆ ಇಲಾಖೆ ಕೊಟ್ಟ ಸ್ಪಷ್ಟನೆಯಂತೆ, ಅಮೆರಿಕದೊಳಗೇ ಇದ್ದು ಬೇರೆ ವೀಸಾದಿಂದ ಎಚ್‌–1ಬಿಗೆ ಬದಲಾಗುವವರಿಗೆ ಈ ಶುಲ್ಕ ಅನ್ವಯಿಸುವುದಿಲ್ಲ. ಕಾನ್ರಾಡ್ ವಿನಾಯಿತಿ ಪಡೆದು ಅಲ್ಲೇ ಎಚ್‌–1ಬಿಗೆ ಬದಲಾಗುವವರಿಗೆ ಇದು ನೆಮ್ಮದಿ. ಭಾರತದಲ್ಲಿ ಕುಳಿತು ಎಚ್‌–1ಬಿಗಾಗಿ ಕಾಯುತ್ತಿರುವವರಿಗೆ ಅಲ್ಲ. ಶುಲ್ಕವನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಗಿದೆ. ಮೂಲ ಘೋಷಣೆಯ ಅವಧಿ, ವಿಸ್ತರಿಸದಿದ್ದರೆ, ಹನ್ನೆರಡು ತಿಂಗಳು.

ಇದರ ಪರಿಣಾಮ ಸರಪಳಿಯಂತೆ ಸಾಗುತ್ತದೆ. ಎಚ್‌–1ಬಿ ಕೊಡುತ್ತಿದ್ದ ಪ್ರೋಗ್ರಾಂಗಳು ಜೆ–1ಕ್ಕೆ ಸರಿದರೆ, ಅಭ್ಯರ್ಥಿಗಳೂ ಅಲ್ಲಿಗೇ ಸರಿಯುತ್ತಾರೆ. ಜೆ–1ರಲ್ಲಿ ತರಬೇತಿ ಮುಗಿಸುವವರು ಹೆಚ್ಚಿದರೆ ಕೆಲವು ವರ್ಷಗಳ ನಂತರ ಕಾನ್ರಾಡ್‌ನ ಮೂವತ್ತು ವಿನಾಯಿತಿಗಳಿಗೆ ಪೈಪೋಟಿ ಬಿಗಿಯಾಗುತ್ತದೆ. ಎಚ್‌–1ಬಿ ಮಾತ್ರ ಬೇಕೆಂದು ಅರ್ಜಿಯಲ್ಲಿ ನಮೂದಿಸಿದವರು ಜರಡಿಯ ಮೊದಲ ಸುತ್ತಿನಲ್ಲೇ ಉದುರಬಹುದು. ಅಂಥವರು ಇನ್ನೂ ಐವತ್ತು ಕಡೆ ಅರ್ಜಿ ಹಾಕಿದರೆ ಐವತ್ತು ಕಡೆಯೂ ಅದೇ ಚೌಕ ಅವರನ್ನು ತಡೆಯುತ್ತದೆ.

ಹಿಂದಿನಿಂದ ಮುಂದಕ್ಕೆ ಎಣಿಸುವುದು

ಹಾಗಾದರೆ ಲೆಕ್ಕ ಆರಂಭಿಸಬೇಕಾದದ್ದು ಮಾರ್ಚ್‌ನಿಂದ, ಹಿಂದಕ್ಕೆ. ರ್‍ಯಾಂಕ್ ಪಟ್ಟಿಯಲ್ಲಿ ಹತ್ತು–ಹನ್ನೆರಡು ಹೆಸರಿರಬೇಕೆಂದರೆ ಅಷ್ಟು ಸಂದರ್ಶನ ಬೇಕು. ಅವುಗಳಲ್ಲಿ ಹೆಚ್ಚಿನವು ಸಿಗ್ನಲ್ ಕಳಿಸಿದ ಹದಿನೈದರಿಂದಲೇ ಬರಬೇಕು. ಆದ್ದರಿಂದ ಹದಿನೈದನ್ನೂ ಹೆಸರಾಂತ ವಿಶ್ವವಿದ್ಯಾಲಯಗಳ ಮೇಲೆ ಸುರಿಯುವುದು ದುಬಾರಿ ತಪ್ಪು. ಭಾರತದಲ್ಲಿ ಓದಿದವರು ಈಗಾಗಲೇ ರೆಸಿಡೆಂಟ್‌ಗಳಾಗಿರುವ, ನಿಮ್ಮ ಪದವಿ ವರ್ಷವನ್ನು ಒಪ್ಪುವ, ನಿಮಗೆ ಬೇಕಾದ ವೀಸಾ ಕೊಡುವ ಕಡೆಗೆ ಅವು ಹೋಗಬೇಕು. ಪ್ರೋಗ್ರಾಂನ ಜಾಲತಾಣದಲ್ಲಿ ಈಗಿನ ರೆಸಿಡೆಂಟ್‌ಗಳ ಹೆಸರು, ಓದಿದ ಕಾಲೇಜು, ಫೋಟೊ ಸಾಮಾನ್ಯವಾಗಿ ಇರುತ್ತವೆ. ಒಂದು ಸಂಜೆ ಕೂತು ಅವನ್ನು ನೋಡಿದರೆ ಯಾವ ಬಾಗಿಲು ನಮ್ಮವರಿಗೆ ತೆರೆದಿದೆ ಎಂಬುದು ತಿಳಿಯುತ್ತದೆ.

ಉಳಿದ ಅರ್ಜಿಗಳಿಗೂ ಅದೇ ಜರಡಿಯನ್ನು ನೀವೇ ಮೊದಲು ಹಿಡಿಯಿರಿ. ಅವರ ಕಂಪ್ಯೂಟರ್ ಯಾವ ಚೌಕಕ್ಕೆ ಗುರುತು ಹಾಕುತ್ತದೆಯೋ ಅದಕ್ಕೆ ನಿಮ್ಮ ಪಟ್ಟಿಯಲ್ಲೂ ಗುರುತು ಹಾಕಿ. ಸೋಸಿ ಉಳಿದದ್ದೇ ನಿಮ್ಮ ಸಂಖ್ಯೆ. ಸ್ಟೆಪ್ 2ರಲ್ಲಿ ಒಳ್ಳೆಯ ಅಂಕ ಪಡೆದು, ಇತ್ತೀಚೆಗೆ ಪದವಿ ಮುಗಿಸಿದವರಿಗೆ ಅದು ಅರವತ್ತಾಗಬಹುದು. ಪದವಿಯಾಗಿ ಏಳು ವರ್ಷ ಕಳೆದವರಿಗೆ ಒಪ್ಪುವ ಪ್ರೋಗ್ರಾಂಗಳೇ ಕಡಿಮೆ ಉಳಿಯುತ್ತವೆ. ಅವರು ಆ ಉಳಿದವಕ್ಕೆಲ್ಲ ಅರ್ಜಿ ಹಾಕುವುದು ಸರಿ. ಇನ್ನೂರು ತಲುಪಬೇಕೆಂದು ಒಪ್ಪದವುಗಳನ್ನು ಸೇರಿಸುವುದು ಸರಿಯಲ್ಲ. ಅವರು ಆ ದುಡ್ಡಿನಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ಒಂದು ತಿಂಗಳ ಅನುಭವ ಗಳಿಸಿದರೆ ಮುಂದಿನ ಅರ್ಜಿಗೆ ಬಲ ಬರುತ್ತದೆ.

ಸಂದರ್ಶನಗಳು ಹದಿನೈದು ದಾಟಿದವರು ಅತ್ಯಂತ ಕಡಿಮೆ ಇಷ್ಟವಾದವನ್ನು ಬಿಟ್ಟುಕೊಡುವುದು ಒಳ್ಳೆಯದು. ಆದರೆ ಎರಡು ವಾರ ಮೊದಲೇ ತಿಳಿಸಬೇಕು. ಹಿಂದಿನ ರಾತ್ರಿ ಬಿಟ್ಟ ಜಾಗಕ್ಕೆ ಕಾಯುವವರ ಪಟ್ಟಿಯಿಂದ ಯಾರನ್ನೂ ಕರೆಯಲು ಆಗುವುದಿಲ್ಲ. ಎರಡು ವಾರ ಮೊದಲು ಬಿಟ್ಟ ಜಾಗದ ಇಮೇಲ್, ಅಲ್ಲಿಯವರೆಗೆ ಒಂದೂ ಕರೆ ಬಾರದೆ ದಿನಕ್ಕೆ ಇಪ್ಪತ್ತು ಬಾರಿ ಇನ್‌ಬಾಕ್ಸ್ ತೆರೆದು ನೋಡುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ.